ಸರಮೆಯ ಮರಿಯೂ ಹೂಗ್ಯಂ ಅರಣ್ಯದ ಹುಲಿಗಳೂ

ಮಹಾಭಾರತದ ಆದಿಪರ್ವವನ್ನು ಪಾರಾಯಣಕ್ಕೆ ತೆರೆದ ಆಸ್ತಿಕರಿಗೆ ಪೌಷ್ಯಪರ್ವದ ಆರಂಭದಲ್ಲಿಯೇ ಕೇಳಿಬರುವುದು ಒಂದು ನಾಯಿಮರಿಯ ಅಳು. ಜನಮೇಜಯರಾಜನು ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ನಡೆಸುತ್ತಿದ್ದಾಗ ದೇವಶುನಿಯಾದ ಸರಮೆಯ ಮರಿಯು ಅಲ್ಲಿಗೆ ಬಂದಿತು. ರಾಜನ ತಮ್ಮಂದಿರಾದ ಶ್ರುತಸೇನ, ಉಗ್ರಸೇನ, ಭೀಮಸೇನರು ಅದನ್ನು ಹೊಡೆದರು. ಅಳುತ್ತ ಬಂದ ಮರಿಯನ್ನು ಕಂಡು ತಾಯಿಯು ಮೊದಲು ಶಂಕಿಸಿದ್ದು ಅದನ್ನೇ: ನೀನೇ ಏನೋ ಅಪರಾಧ ಮಾಡಿರಬೇಕು ಎಂದಳು. ತಾನು ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ ಎಂದಿತು ಮರಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಾಯಿಯು ಹವಿಸ್ಸನ್ನು ಮುಟ್ಟಬಾರದೆಂಬ ನಿಯಮವನ್ನು ಸರಮೆಯೂ ಒಪ್ಪಿರುವಳು. ಮಡಿಯ ಮರ್ಯಾದೆಗೆ ಇಲ್ಲಿ ಭಂಗವಿಲ್ಲ. ಅವಳು ಯಜ್ಞಶಾಲೆಗೆ ಹೋಗಿ ಕೇಳಿದ್ದು ಇಷ್ಟೇ, ನಿರಪರಾಧಿಯನ್ನು ಏಕೆ ಹೊಡೆದಿರಿ ಎಂದು. ಅಷ್ಟು ಜನರಲ್ಲಿ ಒಬ್ಬರೂ ಉತ್ತರಿಸಲಿಲ್ಲ. ಆಗ ಅವಳು, ಕಾಣದ ಭಯವೊಂದು ನಿಮಗೆ ಬಂದೊದಗಲಿ ಎಂದು ಶಪಿಸಿದಳು. ನಾಯಿಯ ಮಾತೆಂದು ರಾಜನು ಅದನ್ನು ಕಡೆಗಣಿಸಲಿಲ್ಲ. ಶಾಪವನ್ನು ಶಮನಗೊಳಿಸಬಲ್ಲ ಪುರೋಹಿತನಿಗಾಗಿ ಅರಸಿ ಸೋಮಶ್ರವಸನನ್ನು ಕರೆತಂದನು. ಆ ಪುರೋಹಿತನಾದರೋ ಸರ್ಪಿಣಿಯ ಗರ್ಭದಲ್ಲಿ ಜನಿಸಿದವನು!

ಅದೇ ಪರ್ವದಲ್ಲಿ ಅಣಿಮಾಂಡವ್ಯರ ಕಥೆಯೂ ಉಂಟು. ಬಾಲ್ಯದಲ್ಲಿ ಕೀಟಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದರ ಫಲವಾಗಿ ಅವರು ಶೂಲವನ್ನೇರಬೇಕಾಯಿತು. ನಾಯಿಯ ಬಾಲಕ್ಕೆ ಡಬ್ಬಿ ಕಟ್ಟಿ ನಗುವ ಮಕ್ಕಳಿಗೆ ಇದನ್ನು ಹೇಳಬಹುದು. ಹದಿನಾಲ್ಕು ವರ್ಷದೊಳಗಿನವರಿಗೆ ಪಾಪವಿಲ್ಲವೆಂದು ಮಾಂಡವ್ಯರೇ ವಿಧಿಸಿದರೆಂಬುದನ್ನು ಮಾತ್ರ ಕಥೆಯ ಕೊನೆಗೆ ಹೇಳುವುದು ಲೇಸು.

ಈಗ ನಮ್ಮ ಸೀಮೆಗೆ ಬರೋಣ. 2025ರ ಜೂನ್ ತಿಂಗಳ ಕೊನೆಯ ವಾರದಲ್ಲಿ ಹನೂರು ತಾಲ್ಲೂಕಿನ ಹೂಗ್ಯಂ ವಲಯದ ಅರಣ್ಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹುಲಿಯು ಹಿಡಿದಿದ್ದ ಹಸುವಿನ ಕಳೇಬರಕ್ಕೆ ವಿಷವನ್ನು ಬೆರೆಸಲಾಗಿತ್ತು. ಮಾದಪ್ಪನ ವಾಹನವೆಂದು ಆ ಬೆಟ್ಟಸೀಮೆಯೇ ಕೈಮುಗಿಯುವ ಪ್ರಾಣಿಯದು.

ಇದನ್ನು ಸರಮೆಯ ಕಥೆಯೊಡನೆ ಸುಲಭವಾಗಿ ಹೊಂದಿಸಲಾಗದು. ಮರಿಯು ಏನನ್ನೂ ಮುಟ್ಟಿರಲಿಲ್ಲ. ಹುಲಿಯಾದರೋ ಹಸುವನ್ನು ಕೊಂದಿತ್ತು. ಕಾಡಂಚಿನ ಬಡವನಿಗೆ ಒಂದು ಹಸುವೆಂದರೆ ಸಂಸಾರದ ಅರ್ಧ ಬದುಕು. ಪೇಟೆಯ ಮನೆಯಲ್ಲಿ ಕುಳಿತು ಅವನ ಸಂಕಟವನ್ನು ಹಗುರಾಗಿ ಕಾಣುವುದು ಸಲ್ಲದು. ಕಾಡುಮೃಗ ಕೊಂದ ದನಕ್ಕೆ ಸರ್ಕಾರದ ಪರಿಹಾರವುಂಟು. ಅರ್ಜಿ ಬರೆಯಲು ಬಾರದವನಿಗೆ ಬರೆದುಕೊಡುವುದೂ ಒಂದು ಸೇವೆಯೆಂದು ಈ ಲೇಖಕನ ಮತ. ಆದರೆ ವಿಷಕ್ಕೆ ಅಪರಾಧಿ, ನಿರಪರಾಧಿ ಎಂಬ ವಿವೇಕವಿಲ್ಲ. ಹಸುವಿನ ಕುತ್ತಿಗೆಯನ್ನು ಹಿಡಿದದ್ದು ತಾಯಿ. ಜೊತೆಯಲ್ಲಿ ತಿಂದು ಸತ್ತವು ಮರಿಗಳು. ಅಂತಹ ಕಳೇಬರಕ್ಕೆ ನರಿ ಬಂದರೂ, ರಣಹದ್ದು ಬಂದರೂ ಅದೇ ಗತಿ. ಗೋಗ್ರಾಸವನ್ನಿಟ್ಟು ಉಣ್ಣುವ ನಮಗೆ, ಗೋವಿನ ದೇಹವೇ ವಿಷದ ಪಾತ್ರೆಯಾದದ್ದು ಇನ್ನೂ ಕಠಿಣವಾಗಿ ತೋರುತ್ತದೆ.

ಯಜ್ಞದಲ್ಲಿಯೂ ಪಶುವಿನ ಬದಲು ಪಿಷ್ಟಪಶುವನ್ನು ರೂಢಿಗೆ ತಂದವರು ನಮ್ಮ ಶ್ರೀಮದಾಚಾರ್ಯರು. ಸರ್ವಭೂತಗಳಲ್ಲಿರುವ ಶ್ರೀಹರಿಯನ್ನು ಅವಗಣಿಸಿ ಪ್ರತಿಮೆಯನ್ನು ಮಾತ್ರ ಅರ್ಚಿಸುವವನ ಪೂಜೆಯು ಬೂದಿಯಲ್ಲಿ ಮಾಡಿದ ಹೋಮದಂತೆ ಎಂದು ಭಾಗವತದ ತೃತೀಯಸ್ಕಂಧದಲ್ಲಿ ಕಪಿಲದೇವರು ತಾಯಿಗೆ ಉಪದೇಶಿಸಿರುವರು. ನಮ್ಮ ತಂದೆಯವರು ಅರ್ಚಕರು, ಮಡಿಯಲ್ಲಿ ಬಹು ಕಟ್ಟುನಿಟ್ಟು. ಆದರೂ ವೈಶ್ವದೇವವಾದ ಮೇಲೆ ನಾಯಿಗೆ, ಕಾಗೆಗೆ ಹೊರಗೆ ಅನ್ನವನ್ನಿಡದೆ ಎಲೆಯ ಮುಂದೆ ಕುಳಿತವರಲ್ಲ. ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೆಂದರೆ ಅದೇ.

ನಾಯಿಯನ್ನು ಒಳಮನೆಗೆ ಸೇರಿಸಿಕೊಳ್ಳಲು ಆಗದೆಂಬ ಮನೆಗಳೇ ನಮ್ಮಲ್ಲಿ ಹೆಚ್ಚು. ಹಾಗಿದ್ದರೆ ಅಂಗಳದಲ್ಲಿಯೇ ಬೀದಿಮರಿಯೊಂದಕ್ಕೆ ಆಶ್ರಯ ಕೊಡಬಹುದು; ಬೇಸಿಗೆಯಲ್ಲಿ ಒಂದು ಮಡಕೆ ನೀರಿಟ್ಟರೆ ಯಾರ ಮಡಿಯೂ ಕೆಡದು. ಸಂತರ್ಪಣೆಯ ಎಂಜಲೆಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಬೀದಿಗೆ ಎಸೆಯಬಾರದು, ದನಗಳು ಚೀಲಸಮೇತ ನುಂಗುತ್ತವೆ. ಸಾಕಿದ ಮರಿಗೆ ಮೂರು ತಿಂಗಳಾದಾಗ ಪಶುವೈದ್ಯಶಾಲೆಯಲ್ಲಿ ಹುಚ್ಚುರೋಗದ ಲಸಿಕೆ ಹಾಕಿಸಿ, ವೈದ್ಯರು ಹೇಳಿದ ದಿನಗಳಲ್ಲಿ ಮತ್ತೆ ಹಾಕಿಸುವುದನ್ನು ಪಂಚಾಂಗದ ಅಂಚಿನಲ್ಲಿ ಗುರುತು ಮಾಡಿಟ್ಟುಕೊಂಡರೆ ಮರೆಯದು.