ಚಿಕಿತ್ಸೆ ಮಣಿಪಾಲದಲ್ಲಿ, ದೂರು ಕಾರವಾರದಲ್ಲಿ

ಕಾರವಾರ, ಅಂಕೋಲೆಯವರಿಗೆ ದೊಡ್ಡ ಕಾಯಿಲೆ ಬಂತೆಂದರೆ ದಾರಿ ಮೂರು: ಗೋವಾದ ಬಾಂಬೋಳಿ, ದಕ್ಷಿಣದ ಮಣಿಪಾಲ-ಮಂಗಳೂರು, ಘಟ್ಟ ಹತ್ತಿದರೆ ಹುಬ್ಬಳ್ಳಿ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ (ಬೈಂದೂರಿನ ಶಿರೂರು, ಅಂಕೋಲೆಯದಲ್ಲ) ಮಗುಚಿದ ಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜೋರಾಯಿತು.

ಅಷ್ಟು ದೂರದಲ್ಲಿ ಚಿಕಿತ್ಸೆ ಎಡವಟ್ಟಾದರೆ ಕೇಸಿಗೂ ಅಲ್ಲಿಗೇ ಅಲೆಯಬೇಕೆ? ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು; ನಮ್ಮವರಿಗೆ ಅದು ಕಾರವಾರದಲ್ಲಿದೆ. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಗಡುವು ಎರಡು ವರ್ಷ. ಎಲ್ಲರಿಗೂ ಪೂರ್ತಿ ಉಚಿತವಾಗಿರುವ ಆಸ್ಪತ್ರೆ ಈ ಕಾಯ್ದೆಗೆ ಸಿಗದು. ಕೆಲವರಾದರೂ ಹಣ ಕಟ್ಟುವ ಕಡೆ ಉಚಿತ ರೋಗಿಯೂ ಗ್ರಾಹಕನೇ ಎಂದು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಸಣ್ಣ ರಸೀದಿಯನ್ನೂ ಎಸೆಯಬೇಡಿ.

ರಸೀದಿಗಿಂತ ಮುಖ್ಯ ಕೇಸ್ ಶೀಟು. ರೋಗಿ ಅಥವಾ ಅಧಿಕೃತ ಸಂಬಂಧಿಕರು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳಿವೆ. ಲಿಖಿತವಾಗಿಯೇ ಕೇಳಿ, ಸ್ವೀಕೃತಿ ಪಡೆಯಿರಿ. ನಮ್ಮ ಜಿಲ್ಲೆಯಲ್ಲಿ ರೆಫರ್ ಚೀಟಿಯನ್ನೂ ಜೋಪಾನ ಮಾಡಬೇಕು: ಎಷ್ಟು ಗಂಟೆಗೆ ಬಂದರು, ಎಷ್ಟಕ್ಕೆ ಕಳಿಸಿದರು, ಹೊರಡುವಾಗ ಬಿಪಿ ಎಷ್ಟಿತ್ತು. ತಡವಾದದ್ದು ಎಲ್ಲಿ ಎಂಬ ಪ್ರಶ್ನೆ ಎದ್ದಾಗ ಉತ್ತರ ಹುಡುಕುವುದು ಅದರಲ್ಲೇ.

ರೋಗಿ ಉಳಿಯಲಿಲ್ಲ ಎಂದ ಮಾತ್ರಕ್ಕೆ ನಿರ್ಲಕ್ಷ್ಯವಾಗದು. ಸಾಮಾನ್ಯ ನೈಪುಣ್ಯದ ವೈದ್ಯರು ಆ ಹೊತ್ತಿಗೆ ಮಾಡಬೇಕಾದ್ದನ್ನು ಮಾಡಲಿಲ್ಲ, ಅದರಿಂದಲೇ ಹಾನಿಯಾಯಿತು ಎಂಬೆರಡನ್ನೂ ತೋರಿಸಬೇಕು. ಕ್ರಿಮಿನಲ್ ಕೇಸಿಗೆ ಘೋರ ನಿರ್ಲಕ್ಷ್ಯವೇ ಬೇಕು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ಸ್ವತಂತ್ರ ವೈದ್ಯರ ಅಭಿಪ್ರಾಯವೂ ಅಗತ್ಯ. ಈ ರಕ್ಷಣೆ ವೈದ್ಯರ ಪರ ಪಕ್ಷಪಾತವೆಂದು ಹಲವರ ಸಿಟ್ಟು. ನನಗೆ ಹಾಗನ್ನಿಸದು. ಠಾಣೆಗೆ ಹೆದರಿದ ವೈದ್ಯರು ತಮ್ಮಲ್ಲೇ ಆಗುವ ಹೆರಿಗೆಯನ್ನೂ ‘ಮುಂದಕ್ಕೆ ಒಯ್ಯಿರಿ’ ಎಂದರೆ, ಗರ್ಭಿಣಿಯ ಜೀವ ಹೆದ್ದಾರಿಯ ಪಾಲು.

ಆಯೋಗ ಕೊಡುವುದು ಮುಖ್ಯವಾಗಿ ಪರಿಹಾರದ ಹಣ. ವೈದ್ಯರ ನಡತೆಯ ವಿಚಾರಣೆ ಆಗಬೇಕಿದ್ದರೆ ಅವರು ನೋಂದಾಯಿಸಿರುವ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ಬರೆಯಿರಿ. ವಕೀಲರಿಗೆ ದುಡ್ಡಿಲ್ಲವೆಂದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಅಂಕೋಲೆಯ ತಾಲೂಕು ಸಮಿತಿ ಇವೆ. ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ಅಲ್ಲಿ ಆದಾಯ ಪ್ರಮಾಣಪತ್ರ ತೋರಿಸಬೇಕಿಲ್ಲ.