ಸುಧಾರಣೆಯ ಕೆಲಸ ಯಾರ ಹೆಗಲಿಗೆ?

ದೆಹಲಿಯಲ್ಲಿ ಹೊಸ ಆರೋಗ್ಯ ಯೋಜನೆ ಘೋಷಣೆಯಾದರೆ ಪತ್ರಿಕೆಗಳ ತುಂಬ ಕೋಟಿಗಳ ಲೆಕ್ಕ, ಫಲಾನುಭವಿಗಳ ಲೆಕ್ಕ. ಈ ವಿಷಯವನ್ನು ಹೊಸದಾಗಿ ಓದಲು ಹೊರಟವರು ಇನ್ನೊಂದನ್ನೂ ಕೇಳಿಕೊಳ್ಳಬೇಕು: ಆ ಕೆಲಸವನ್ನು ಊರಲ್ಲಿ ಮಾಡುವವರು ಯಾರು, ಅವರಿಗೆ ಸಂಬಳ ಯಾವ ಲೆಕ್ಕದಲ್ಲಿ ಬರುತ್ತದೆ?

ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ಇವೆಲ್ಲ ಸಂವಿಧಾನದ ರಾಜ್ಯಪಟ್ಟಿಯಲ್ಲಿವೆ. ಆದ್ದರಿಂದ ಕೇಂದ್ರ ಸರ್ಕಾರ ಮಿಷನ್ ರೂಪಿಸಿ ಹಣ ಕೊಡುತ್ತದೆ, ನಡೆಸುವ ಹೊಣೆ ರಾಜ್ಯದ್ದು. ಕರ್ನಾಟಕದಲ್ಲಿ ಮಿಷನ್ ಖರ್ಚಿನ ನೂರರಲ್ಲಿ 60 ಪಾಲು ಕೇಂದ್ರದ್ದು, 40 ರಾಜ್ಯದ್ದು.

ದೊಡ್ಡ ತಿರುವು ಬಂದದ್ದು 2005ರಲ್ಲಿ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ಜೊತೆಗೆ. ಸುಮಾರು ಸಾವಿರ ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಬಂದರು. ಆಡಳಿತವೂ ಬದಲಾಯಿತು. ಜಿಲ್ಲಾ ಮಟ್ಟದಲ್ಲಿ ಆರೋಗ್ಯ ಸಂಘ, ಅದಕ್ಕೊಬ್ಬ ಕಾರ್ಯಕ್ರಮ ವ್ಯವಸ್ಥಾಪಕ, ಲೆಕ್ಕಪತ್ರ ನೋಡುವವರು ಸೇರಿಕೊಂಡರು. ಸಿಬ್ಬಂದಿ ಗುತ್ತಿಗೆಯ ಮೇಲೆ ಬಂದರು. ಖಾಲಿ ಬಿದ್ದಿದ್ದ ಹುದ್ದೆಗಳು ಬೇಗ ತುಂಬಿದ್ದು ಇದರಿಂದಲೇ, ಅದನ್ನು ಒಪ್ಪಬೇಕು. ಆದರೆ ಒಂದೇ ಹೆರಿಗೆ ಕೋಣೆಯಲ್ಲಿ, ಒಂದೇ ಪಾಳಿಯಲ್ಲಿ ದುಡಿಯುವ ಇಬ್ಬರು ನರ್ಸ್‌ಗಳಲ್ಲಿ ಒಬ್ಬರು ಕಾಯಂ, ಇನ್ನೊಬ್ಬರು ಗುತ್ತಿಗೆ. ಸಂಬಳ ಬೇರೆ, ರಜೆ ಬೇರೆ, ನಾಳೆಯ ಭರವಸೆಯೂ ಬೇರೆ. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

2018ರಲ್ಲಿ ಆಯುಷ್ಮಾನ್ ಭಾರತ್ ಬಂತು. ಅದರ ಒಂದು ಕವಲು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ನಮ್ಮಲ್ಲಿ ಇದು ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯೊಂದಿಗೆ ಕೂಡಿಕೊಂಡಿದೆ. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ದಾರಿ ತೋರುವ ಆರೋಗ್ಯಮಿತ್ರರು, ಪೂರ್ವಾನುಮತಿ, ಕ್ಲೈಮ್ ಕಡತ ಎಲ್ಲ ಹುಟ್ಟಿಕೊಂಡದ್ದು ಇಂಥ ವಿಮಾ ಮಾದರಿಯ ಯೋಜನೆಗಳಿಂದ.

ಇನ್ನೊಂದು ಕವಲಿನ ಬಗ್ಗೆ ಚರ್ಚೆ ಕಡಿಮೆ, ತೂಕ ಹೆಚ್ಚು. ತಾಯಿ-ಮಗುವಿನ ಆರೈಕೆ, ಲಸಿಕೆಗಳನ್ನೇ ಮುಖ್ಯವಾಗಿ ನೋಡಿಕೊಳ್ಳುತ್ತಿದ್ದ ಉಪಕೇಂದ್ರಗಳಿಗೆ ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆಯೂ ಬಂತು; ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹೊಸ ಹುದ್ದೆಯೂ ಸೃಷ್ಟಿಯಾಯಿತು. ತಪಾಸಣೆ ಶುರುವಾಗುವುದು ಮಾತ್ರ ಮನೆಯಂಗಳದಲ್ಲಿ. 30 ವರ್ಷ ದಾಟಿದ ಪ್ರತಿಯೊಬ್ಬರ ಹೆಸರಲ್ಲೂ ಆಶಾ ಒಂದು ನಮೂನೆ ತುಂಬಬೇಕು: ತಂಬಾಕು ಉಂಟೇ, ಕುಡಿತ ಉಂಟೇ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯೇ? ಟೇಪು ಹಿಡಿದು ಸೊಂಟದ ಸುತ್ತಳತೆ ತೆಗೆಯಬೇಕು. ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಒಂದು ಅಂಕ, 90 ದಾಟಿದರೆ ಎರಡು. ಒಟ್ಟು ನಾಲ್ಕು ಮೀರಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಅತ್ತೆಯ ಎದುರು ಸೊಸೆಗೆ, ಮಗನ ಎದುರು ಅಪ್ಪನಿಗೆ ಈ ಪ್ರಶ್ನೆಗಳನ್ನು ಕೇಳುವುದು ಸುಲಭದ ಕೆಲಸವಲ್ಲ. ಊರಿನ ನಂಬಿಕೆ ಗಳಿಸಿದವಳಿಗೆ ಮಾತ್ರ ಸಾಧ್ಯ.

ಇಷ್ಟು ಮಾಡುವ ಆಶಾ ಕಾಗದದ ಮೇಲೆ ಇಂದಿಗೂ ಸ್ವಯಂಸೇವಕಿ. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳನ್ನು ಪ್ರಶಸ್ತಿ ಕೊಟ್ಟು ಗೌರವಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಧರಣಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೊಡುವ ಭರವಸೆ ಸರ್ಕಾರದಿಂದ ಸಿಕ್ಕಿತು. ಅವರ ಬೇಡಿಕೆಗಳಲ್ಲಿ ಇನ್ನೊಂದು ಹಳೆಯದೂ ಇತ್ತು: ಪ್ರೋತ್ಸಾಹಧನವನ್ನು ತಾಯಿ-ಮಗುವಿನ ವಿವರ ದಾಖಲಿಸುವ ಸರ್ಕಾರಿ ಪೋರ್ಟಲ್‌ಗೆ ಗಂಟುಹಾಕಬೇಡಿ. ಗರ್ಭಿಣಿಯನ್ನು ತಿಂಗಳುಗಟ್ಟಲೆ ನೋಡಿಕೊಂಡು ಹೆರಿಗೆಗೆ ಕರೆದೊಯ್ದಿದ್ದರೂ, ಆ ಹೆಸರು ಪೋರ್ಟಲ್‌ನಲ್ಲಿ ಏರದಿದ್ದರೆ ಹಣ ಬರುವುದಿಲ್ಲ. ಅದನ್ನು ಏರಿಸುವುದು ಆಶಾಳ ಕೈಯಲ್ಲೂ ಇಲ್ಲ.