ಬೋರ್ಡ್ ಸತ್ತಿಲ್ಲ, ಮೊದಲು ಕೇಬಲ್ ಬದಲಿಸಿ

"ಸರ್, ಬೋರ್ಡಿನ್ಯಾಗ ಲೈಟ್ ಉರೀಲಿಕತ್ತದ, ಕಂಪ್ಯೂಟರ್‌ಗೆ ಮಾತ್ರ ಕನೆಕ್ಟ್ ಆಗವಲ್ದು." ಆರ್ಡುಯಿನೊದಂಥ ಬೋರ್ಡಿನ ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂದಾಗ ಸೇಡಂ, ಚಿತ್ತಾಪುರ ಕಡೆಯ ವಿದ್ಯಾರ್ಥಿಗಳಿಂದ ಹೆಚ್ಚಾಗಿ ಕೇಳುವ ಮಾತಿದು. ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಹೊಸಾದು ತರಿಸ್ಲೇನ್ರಿ?" ಬೇಡ. ಆನ್‌ಲೈನ್‌ನಲ್ಲಿ ತರಿಸಿದ ಬೋರ್ಡ್ ಚಿಂಚೋಳಿ ಮುಟ್ಟುವಷ್ಟರಲ್ಲಿ ನಾಲ್ಕಾರು ದಿನ ಹೋಗಿರುತ್ತವೆ. ಕಲಬುರಗಿಗೆ ಹೋಗಿ ತರೋಣವೆಂದರೆ ವಾಡಿ, ಶಹಾಬಾದಿನವರಿಗೆ ರೈಲಾದರೂ ಇದೆ, ಚಿಂಚೋಳಿಯವರಿಗೆ ಬಸ್ಸೇ ಗತಿ. ಅದಕ್ಕೂ ಮೊದಲು ಅರ್ಧ ಗಂಟೆ ಕುಳಿತು ಕೆಳಗಿನ ಕ್ರಮದಲ್ಲಿ ಪರೀಕ್ಷೆ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೇಬಲ್, ಪೋರ್ಟ್, ಡ್ರೈವರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಬೋರ್ಡ್ ಸರಿಹೋದರೂ ಕೆಟ್ಟಿದ್ದು ಯಾವುದೆಂದು ಗೊತ್ತಾಗುವುದಿಲ್ಲ.

ಕೇಬಲ್

ಯುಎಸ್‌ಬಿ 2.0 ಕೇಬಲ್ಲಿನೊಳಗೆ ನಾಲ್ಕು ತಂತಿ ಇರಬೇಕು. ಸಾಮಾನ್ಯವಾಗಿ ಕೆಂಪು ಮತ್ತು ಕಪ್ಪು ಕರೆಂಟಿಗೆ, ಬಿಳಿ ಮತ್ತು ಹಸಿರು ಡೇಟಾಕ್ಕೆ. ಮೊಬೈಲ್ ಅಂಗಡಿಯ ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಎಷ್ಟೋ ಸಲ ಮೊದಲಿನ ಎರಡೇ ಇರುತ್ತವೆ. ಬೋರ್ಡಿಗೆ ಕರೆಂಟ್ ಹೋಗುತ್ತದೆ, ಲೈಟ್ ಹತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಸುದ್ದಿ ಮುಟ್ಟುವುದಿಲ್ಲ. ಲೈಟ್ ಉರಿಯುವುದನ್ನು ನಂಬಿ ನಾನೂ ಒಂದಿಡೀ ಸಂಜೆ ಡ್ರೈವರ್ ಹಾಕುತ್ತ, ತೆಗೆಯುತ್ತ ಕಳೆದಿದ್ದೇನೆ.

ಪರೀಕ್ಷೆ ಸುಲಭ. ಅದೇ ಕೇಬಲ್ಲಿನಿಂದ ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿ, ಫೋಟೊಗಳನ್ನು ನಕಲು ಮಾಡಲು ಬರುತ್ತದೆಯೇ ನೋಡಿ. ಬಂದರೆ ಕೇಬಲ್ಲಿನಲ್ಲಿ ಡೇಟಾ ತಂತಿ ಇದೆ ಎಂದರ್ಥ. ಆರ್ಡುಯಿನೊ ಊನೊ ಬೋರ್ಡಿನ ಚೌಕಾಕಾರದ ಪಿನ್ನಿನ ಕೇಬಲ್ ಮೊಬೈಲಿಗೆ ಕೂರುವುದಿಲ್ಲ. ಹಳೆಯ ಪ್ರಿಂಟರಿನದೂ ಅದೇ ಕೇಬಲ್, ಅದನ್ನು ಹಾಕಿ ನೋಡಿ. ಪರೀಕ್ಷೆಯಲ್ಲಿ ಪಾಸಾದ ಕೇಬಲ್ಲಿಗೆ ಒಂದು ಕೆಂಪು ದಾರ ಕಟ್ಟಿಡಿ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಹತ್ತಾರು ಕೇಬಲ್ ಒಂದೇ ಡಬ್ಬಿಯಲ್ಲಿ ಗಂಟುಬಿದ್ದಿರುತ್ತವೆ. ಅಲ್ಲಿ ಈ ದಾರಕ್ಕೆ ಬಹಳ ಬೆಲೆ.

ಪೋರ್ಟ್ ಮತ್ತು ದೂಳು

ಯುಎಸ್‌ಬಿ ಹಬ್ ಇದ್ದರೆ ಬಿಟ್ಟು ನೇರವಾಗಿ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟೇ ಒಳ್ಳೆಯದು. ವಾಡಿಯ ಸಿಮೆಂಟ್ ದೂಳು, ಶಹಾಬಾದಿನ ಫರ್ಸಿ ಕಲ್ಲಿನ ಪುಡಿ ಕಿಟಕಿ ಮುಚ್ಚಿದರೂ ಒಳಗೆ ಬರುತ್ತವೆ. ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ಪಿನ್ನುಗಳ ಮೇಲೆ ಬೂದಿಬಣ್ಣದ ಪದರ ಕಂಡರೆ ಕಂಪ್ಯೂಟರ್ ಬಂದ್ ಮಾಡಿ, ಒಣಗಿದ ಮೆತ್ತನೆಯ ಬ್ರಶ್‌ನಿಂದ ಕೊಡವಿ. ಬಾಯಿಂದ ಊದಬೇಡಿ, ಉಸಿರಿನ ತೇವಕ್ಕೆ ಸಿಮೆಂಟ್ ಹಿಡಿದುಕೊಳ್ಳುತ್ತದೆ.

ಅರ್ತಿಂಗ್ ಸರಿಯಿಲ್ಲದಿದ್ದರೂ ಕನೆಕ್ಷನ್ ತಪ್ಪಬಹುದು. ಕಲ್ಲುನೆಲದ ಊರುಗಳಲ್ಲಿ ಅದು ಸರಿಯಾಗಿ ಸಿಗುವುದು ಕಷ್ಟ, ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿದರೆ ಇನ್ನೂ ಕಷ್ಟ. ಚಾರ್ಜರ್ ಹಾಕಿದ ಲ್ಯಾಪ್‌ಟಾಪ್ ಮುಟ್ಟಿದರೆ ಚುರುಗುಟ್ಟುತ್ತದೆಯೇ? ಹಾಗಿದ್ದರೆ ಚಾರ್ಜರ್ ಕಿತ್ತು, ಬ್ಯಾಟರಿಯ ಮೇಲೆ ಬೋರ್ಡ್ ಪರೀಕ್ಷಿಸಿ.

ದುಭಾಷಿ ಬೇಕು

ಸೇಡಂ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ಮೂರರಲ್ಲಿ ಒಂದೂ ಬಾರದವನಿಗೆ ದುಭಾಷಿ ಬೇಕು. ಬೋರ್ಡಿನ ಕಥೆಯೂ ಅದೇ. ಊನೊ ಆರ್3 ಬೋರ್ಡಿನ ಮುಖ್ಯ ಚಿಪ್ ಎಟಿಮೆಗಾ328ಪಿ, ಅದಕ್ಕೆ ಯುಎಸ್‌ಬಿ ಭಾಷೆ ಬಾರದು. ಅದರ ಪರವಾಗಿ ಮಾತಾಡಲು ಪಕ್ಕದಲ್ಲಿ ಇನ್ನೊಂದು ಸಣ್ಣ ಚಿಪ್ ಇರುತ್ತದೆ. ಮೂಲ ಊನೊ ಆರ್3ರಲ್ಲಿ ಅದು ಎಟಿಮೆಗಾ16ಯು2. ನಮ್ಮಲ್ಲಿ ಸಿಗುವ ಅಗ್ಗದ ತದ್ರೂಪಿಗಳಲ್ಲಿ ಹೆಚ್ಚಾಗಿ ಸಿಎಚ್340, ಇಎಸ್‌ಪಿ32 ಬೋರ್ಡುಗಳಲ್ಲಿ ಸಿಎಚ್340 ಇಲ್ಲವೇ ಸಿಪಿ2102 ಇರುತ್ತದೆ. ಆ ಚಿಪ್ಪನ್ನು ಗುರುತಿಸಲು ಕಂಪ್ಯೂಟರಿನಲ್ಲಿ ಡ್ರೈವರ್ ಎಂಬ ತಂತ್ರಾಂಶ ಇರಬೇಕು.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಂಡು ಬೋರ್ಡನ್ನು ಚುಚ್ಚಿ, ಕೀಳಿ, ಮತ್ತೆ ಚುಚ್ಚಿ. ಪಟ್ಟಿ ಒಂದಿಷ್ಟೂ ಅಲುಗದಿದ್ದರೆ ಮತ್ತೆ ಕೇಬಲ್ ಕಡೆಗೇ ಹೋಗಿ. ಹಳದಿ ತ್ರಿಕೋನದ ಜೊತೆ ಚಿಪ್ಪಿನ ಹೆಸರೋ 'ಯುಎಸ್‌ಬಿ ಸೀರಿಯಲ್' ಎಂಬಂಥ ಹೆಸರೋ ಕಂಡರೆ ಸಾಮಾನ್ಯವಾಗಿ ಡ್ರೈವರ್ ಇಲ್ಲ. 'ಅನ್‌ನೋನ್ ಯುಎಸ್‌ಬಿ ಡಿವೈಸ್' ಎಂದು ಬಂದರೆ ಹೆಚ್ಚಾಗಿ ಡೇಟಾ ತಂತಿ ಸಡಿಲವಾಗಿದೆ, ಇಲ್ಲವೇ ಆ ಸಣ್ಣ ಚಿಪ್ಪೇ ಕೆಟ್ಟಿದೆ. 'ಪೋರ್ಟ್ಸ್' ಅಡಿಯಲ್ಲಿ 'ಕಾಮ್5' ಎಂಬಂಥ ಹೆಸರು ಬಂದರೆ ಅರ್ಧ ಗೆದ್ದಂತೆ.

ಯಾವ ಡ್ರೈವರ್ ಎಂದು ತಿಳಿಯಲು ಚಿಪ್ಪಿನ ಮೇಲಿನ ಅಕ್ಷರ ಓದಬೇಕು. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿದರೆ ಸಾಕು. ಆರ್ಡುಯಿನೊದ ಸಣ್ಣ ಬೋರ್ಡ್ ನ್ಯಾನೊದ ತದ್ರೂಪಿಗಳಲ್ಲಿ ಸಾಮಾನ್ಯವಾಗಿ ಅದು ಬೋರ್ಡಿನ ಕೆಳಗಡೆ ಇರುತ್ತದೆ. ಡ್ರೈವರನ್ನು ಚಿಪ್ ತಯಾರಿಸಿದ ಕಂಪನಿಯ ತಾಣದಿಂದಲೇ ಇಳಿಸಿ: ಸಿಎಚ್340ಕ್ಕೆ ಡಬ್ಲ್ಯೂಸಿಎಚ್, ಸಿಪಿ2102ಕ್ಕೆ ಸಿಲಿಕಾನ್ ಲ್ಯಾಬ್ಸ್. ಇಂಟರ್ನೆಟ್ ಇರುವ ಕಂಪ್ಯೂಟರಿಗೆ ವಿಂಡೋಸ್ ತಾನೇ ತಂದುಕೊಳ್ಳುವುದುಂಟು. ನೆಟ್ ಇಲ್ಲದ ಲ್ಯಾಬ್‌ಗೆ ಎರಡನ್ನೂ ಪೆನ್ ಡ್ರೈವ್‌ನಲ್ಲಿ ಹಾಕಿಟ್ಟುಕೊಳ್ಳಿ.

ಉಬುಂಟು ಇದ್ದರೆ ಡ್ರೈವರ್ ಹುಡುಕಬೇಕಿಲ್ಲ, ಅನುಮತಿ ಬೇಕು. ನಿಮ್ಮ ಖಾತೆಯನ್ನು 'ಡಯಲ್‌ಔಟ್' ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ಉಬುಂಟು 22.04ರಲ್ಲಿ ಇನ್ನೊಂದು ವಿಚಿತ್ರವಿದೆ. ಅಂಧರ ಬ್ರೈಲ್ ಸಾಧನಕ್ಕೆಂದು ಇರುವ 'ಬಿಆರ್‌ಎಲ್‌ಟಿಟಿವೈ' ತಂತ್ರಾಂಶವು ಸಿಎಚ್340 ಕಂಡರೆ ತನ್ನದೇ ಸಾಧನವೆಂದು ಹಿಡಿದುಕೊಳ್ಳುತ್ತದೆ. ಆ ಕಂಪ್ಯೂಟರಿನಲ್ಲಿ ಬ್ರೈಲ್ ಬಳಸುವವರು ಯಾರೂ ಇಲ್ಲದಿದ್ದರೆ ಮಾತ್ರ ಅದನ್ನು ತೆಗೆದುಹಾಕಿ.

ಪೋರ್ಟ್ ಕಾಣುತ್ತದೆ, ಪ್ರೋಗ್ರಾಂ ಏರುವುದಿಲ್ಲ

ಮೊದಲು ಬೋರ್ಡಿಗೆ ಜೋಡಿಸಿದ ಎಲ್ಲ ವೈರ್‌ಗಳನ್ನೂ ಕಿತ್ತುಬಿಡಿ. ಎಷ್ಟೋ ಬೋರ್ಡ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ. 0 ಮತ್ತು 1ನೇ ಪಿನ್ನಿಗೆ ಬ್ಲೂಟೂತ್ ಮಾಡ್ಯೂಲ್ ಹಾಕಿದ್ದರೆ ಕಂಪ್ಯೂಟರ್ ಮಾತಾಡುವ ದಾರಿಗೇ ಅದು ಅಡ್ಡ ಕುಳಿತಿರುತ್ತದೆ. ತೊಗರಿ ಹೊಲಕ್ಕೆ ತಾನೇ ನೀರು ಬಿಡುವ ಮಾದರಿ ಮಾಡುವವರು ಸಣ್ಣ ಪಂಪನ್ನು ನೇರ ಬೋರ್ಡಿನಿಂದಲೇ ಓಡಿಸಲು ಹೋಗುತ್ತಾರೆ. ಊನೊದಲ್ಲಿ 500 ಮಿಲಿಆಂಪಿಯರಿನ ಫ್ಯೂಸ್ ಇದೆ. ಅದು ಬಿಸಿಯಾದರೆ ಕರೆಂಟ್ ತಡೆಯುತ್ತದೆ, ತಣ್ಣಗಾದ ಮೇಲೆ ತಾನೇ ಸರಿಹೋಗುತ್ತದೆ. ಪಂಪಿಗೆ ಬೇರೆ ಬ್ಯಾಟರಿ ಮತ್ತು ರಿಲೇ ಕೊಡಿ.

ನಂತರ ಆರ್ಡುಯಿನೊ ಐಡಿಇ ತಂತ್ರಾಂಶದ ಮೆನುವಿನಲ್ಲಿ ಸರಿಯಾದ ಬೋರ್ಡ್ ಮತ್ತು ಪೋರ್ಟ್ ಆರಿಸಿದ್ದೀರಾ ನೋಡಿ. ಅಗ್ಗದ ನ್ಯಾನೊ ಆದರೆ ಪ್ರೊಸೆಸರ್ ಪಟ್ಟಿಯಲ್ಲಿ 'ಓಲ್ಡ್ ಬೂಟ್‌ಲೋಡರ್' ಆರಿಸಿ ನೋಡಿ. ಇಎಸ್‌ಪಿ32 ಆದರೆ ಪರದೆಯಲ್ಲಿ 'ಕನೆಕ್ಟಿಂಗ್' ಎಂದು ಚುಕ್ಕಿಗಳು ಶುರುವಾದಾಗ 'ಬೂಟ್' ಗುಂಡಿ ಒತ್ತಿ ಹಿಡಿದು, ಪ್ರೋಗ್ರಾಂ ಏರತೊಡಗಿದ ಮೇಲೆ ಬಿಡಿ. 'ಪೋರ್ಟ್ ಬಿಜಿ' ಎಂದರೆ ಸಾಮಾನ್ಯವಾಗಿ ಬೇರೆ ಕಿಟಕಿಯಲ್ಲಿ ಸೀರಿಯಲ್ ಮಾನಿಟರ್ ತೆರೆದೇ ಇದೆ.

ಇಷ್ಟಕ್ಕೂ ಬಗ್ಗದ ಊನೊಗೆ ಕೊನೆಯ ಪರೀಕ್ಷೆ. ರೀಸೆಟ್ ಪಿನ್ನನ್ನು ಗ್ರೌಂಡಿಗೆ ಒಂದು ವೈರಿನಿಂದ ಜೋಡಿಸಿ, 0 ಮತ್ತು 1ನೇ ಪಿನ್ನುಗಳನ್ನು ಇನ್ನೊಂದರಿಂದ ಸೇರಿಸಿ. ಸೀರಿಯಲ್ ಮಾನಿಟರ್‌ನಲ್ಲಿ ಏನಾದರೂ ಟೈಪ್ ಮಾಡಿ ಕಳುಹಿಸಿ. ಅದೇ ಅಕ್ಷರ ವಾಪಸ್ ಬಂದರೆ ಕೇಬಲ್, ಡ್ರೈವರ್, ದುಭಾಷಿ ಚಿಪ್ ಮೂರೂ ಸರಿ ಇವೆ, ದೋಷ ಹೆಚ್ಚಾಗಿ ಮುಖ್ಯ ಚಿಪ್ಪಿನಲ್ಲಿರುತ್ತದೆ. ಸಾಕೆಟ್ಟಿನಲ್ಲಿ ಕೂರಿಸಿದ ಉದ್ದನೆಯ ಚಿಪ್ ಆಗಿದ್ದರೆ ಅದೊಂದನ್ನೇ ಕಿತ್ತು ಹೊಸದು ಹಾಕಬಹುದು. ಕೊಳ್ಳುವಾಗ ಬೂಟ್‌ಲೋಡರ್ ತುಂಬಿದ್ದನ್ನೇ ಕೇಳಿ ತೆಗೆದುಕೊಳ್ಳಿ, ಖಾಲಿ ಚಿಪ್ ಹಾಕಿದರೆ ಯುಎಸ್‌ಬಿ ಮೂಲಕ ಪ್ರೋಗ್ರಾಂ ಏರುವುದಿಲ್ಲ.